ಶೀನಪ್ಪ ಮಾವನ ಹೇಳಿಕೆ

ಕೊಟ್ಟಾರ, ಮಂಗಳೂರು
೧೬-೭-೧೯೬೧

ಪ್ರಿಯ ನೂರ್ ಮುಹಮ್ಮದ್,

ನಿನ್ನ ಕಾಗದ ಬಂದು ಇಪ್ಪತ್ತೆರಡು ದಿನವಾಯಿತು. ಉತ್ತರ ಬರೆಯಲು ಕೂತು ಎರಡು ಇನ್‌ಲ್ಯಾಂಡ್ ಹಾಳು ಮಾಡಿದೆ, ಕ್ಷಮಿಸು. ನಿನ್ನ ಉಮ್ಮನ ಮಂಡಿನೋವು ಕಡಿಮೆಯಾಗಿದೆ. ಬಿ.ಎ. ಪಾಸಾದ ನನಗೆ ಇನ್ನೂ ಕೆಲಸವಿಲ್ಲ. ಒಂದು ಶಾಲೆಯಲ್ಲಿ ಸಂದರ್ಶನಕ್ಕೆ ಹೋಗಿದ್ದೆ. “ಇಷ್ಟು ಮೆಲ್ಲಗೆ ಮಾತಾಡಿದರೆ ಹಿಂದಿನ ಬೆಂಚಿಗೆ ಎಂತ ಕೇಳ್ತದೆ ಮಾರಾಯ್ರೇ?” ಎಂದು ಹೆಡ್‌ಮಾಸ್ಟರು ನಕ್ಕುಬಿಟ್ಟರು.

ಯುದ್ಧಾಪರಾಧದ ಕೋರ್ಟುಗಳ ಮೇಲೆ ಲಾ ಕಾಲೇಜಿನಲ್ಲಿ ಪ್ರಬಂಧ ಓದಬೇಕು, ಅದರಲ್ಲಿ ನಿನ್ನ ಅಣ್ಣ ಮೂಸಬ್ಬನನ್ನು ಕೊಂದವನ ಮೊಕದ್ದಮೆಯೂ ಇರಬೇಕು, ನನ್ನ ಸೋದರಮಾವನನ್ನು ಕೇಳಿ ವಿವರ ಕಳಿಸು ಎಂದು ನೀನು ಬರೆದಿದ್ದೆ. ಮೇಲಿನವರ ಅಪ್ಪಣೆಯಂತೆ ಮಾಡಿದೆ ಎಂದು ಯಾವ ಸಿಪಾಯಿಯೂ ತಪ್ಪಿಸಿಕೊಳ್ಳುವಂತಿಲ್ಲ, ಆ ತತ್ತ್ವದಲ್ಲಿ ನಮ್ಮ ಅಣ್ಣನ ರಕ್ತವೂ ಉಂಟು ಎಂದು ನೀನು ಬರೆದ ಸಾಲನ್ನು ಶೀನಪ್ಪ ಮಾವನಿಗೆ ಓದಿ ಹೇಳಿದೆ. ಬೀಡಿ ಹಚ್ಚಲು ಹೊರಟವರು ಹಚ್ಚಲಿಲ್ಲ.

“ಅದನ್ನೆಲ್ಲ ನಾಲ್ಕು ಜನರ ಎದುರು ಓದ್ತಾನಾ?”

“ಓದ್ತಾನೆ ಮಾವ.”

“ಬೇಡ ಹೇಳು. ನಾನು ನೋಡ್ಲಿಲ್ಲ.”

ನೂರ್, ಯುದ್ಧ ಮುಗಿದಾಗ ನಮಗಿಬ್ಬರಿಗೂ ಏಳು ವರ್ಷ. ಮಾವನೂ ಮೂಸಬ್ಬಣ್ಣನೂ ಒಟ್ಟಿಗೆ ಮಿಲಿಟರಿಗೆ ಸೇರಿ, ಸಿಂಗಾಪುರದಲ್ಲಿ ಜಪಾನಿಯರಿಗೆ ಸೆರೆಸಿಕ್ಕಿ, ಕೊನೆಗೆ ಮಾವ ಒಬ್ಬರೇ ಹಿಂದಿರುಗಿದ್ದು ನಿನಗೆ ಗೊತ್ತೇ ಇದೆ. ಬಂದ ದಿನ ನಿಮ್ಮ ಜಗಲಿಯಲ್ಲಿ ಉಮ್ಮ ಕೇಳಿದ್ದು ಇಷ್ಟೇ: ಸಾಯುವಾಗ ಬಾಯಿಗೆ ನೀರು ಬಿಟ್ಟವರು ಯಾರು, ಅಲ್ಲಾಹುವಿನ ಹೆಸರಿನ ಕಲಿಮ ಹೇಳಿಸಿದವರು ಯಾರು? ಆದರೆ ಸೆರೆಶಿಬಿರದ ಕಾವಲಿನವನೊಬ್ಬ ಹೊಡೆದು ಕೊಂದನೆಂದು ಮಾವ ಕೇಳಿ ಬಲ್ಲರು, ಅಷ್ಟೆ. ಅವರು ಜ್ವರ ಹಿಡಿದು ಬೇರೆ ಶೆಡ್ಡಿನಲ್ಲಿ ಮಲಗಿದ್ದರು. ಸುದ್ದಿ ಮುಟ್ಟುವಾಗ ಮಣ್ಣು ಮಾಡಿ ಮೂರು ದಿನವಾಗಿತ್ತು.

“ಹೆತ್ತ ಬೀಫಾತಿಮ್ಮಕ್ಕನ ಮುಖ ನೋಡಿ ಯಾರೂ ಇರ್ಲಿಲ್ಲ ಅಂತ ಹೇಳ್ಲಿಕ್ಕಾಗ್ತದಾ? ನಾನೇ ನೀರು ಬಿಟ್ಟೆ, ನಾನೇ ಕಲಿಮ ಹೇಳಿಸಿದೆ ಅಂದೆ” ಎಂದರು ಮಾವ.

ಕೆಲವು ತಿಂಗಳ ಮೇಲೆ ಮಿಲಿಟರಿ ಅಧಿಕಾರಿಯೊಬ್ಬ ಹೇಳಿಕೆ ಬರೆದುಕೊಳ್ಳಲು ಬಂದು ಅದೇ ಜಗಲಿಯಲ್ಲಿ ಕೂತನಂತೆ. ಸಾಯುವಾಗ ನೀನು ಹತ್ತಿರ ಇದ್ದೆಯಾ ಎಂದು ಕೇಳಿದ. ಉಮ್ಮ ಬಾಗಿಲ ಹಿಂದಿದ್ದರು. ಮಾವ ಇದ್ದೆ ಎಂದರು. ಹಾಗಾದರೆ ಹೊಡೆದವನನ್ನೂ ನೋಡಿರಬೇಕಲ್ಲ ಎಂದು ಅವನು ಐದು ಫೋಟೋ ಹರಡಿದ. ತನ್ನ ಕೆನ್ನೆಗೆ ಒಮ್ಮೆ ಬಾರಿಸಿದವನ ಮೇಲೆ ಮಾವ ಬೆರಳಿಟ್ಟರು. ಅಫಿಡವಿಟ್ಟಿಗೆ ಸಹಿಯನ್ನೂ ಹಾಕಿದರು.

ದೂರದ ಸಾಕ್ಷಿ ಆ ಕೋರ್ಟಿಗೆ ಹೋಗಬೇಕಾಗಿರಲಿಲ್ಲ, ಬರೆದುಕೊಟ್ಟದ್ದೇ ಸಾಕಿತ್ತು, ಅದಕ್ಕೆ ಪಾಟೀಸವಾಲೂ ಇರಲಿಲ್ಲ ಎಂದು ನೀನೇ ಬರೆದಿದ್ದೆ. ಮಾವ ಬೆರಳಿಟ್ಟ ಆ ಮನುಷ್ಯ ಅಪ್ಪಣೆಯ ನೆಪವನ್ನು ಹೇಳಿಯೇ ಇರಲಿಲ್ಲ. ಆ ದಿನ ನಾನು ಅಲ್ಲಿರಲಿಲ್ಲ ಎಂದಿದ್ದ. ಕೋರ್ಟು ಅದನ್ನು ನಂಬಲಿಲ್ಲ, ಗಲ್ಲಿಗೆ ಹಾಕಿಯಾಯಿತು ಎಂದು ಬಂದ ಇಂಗ್ಲಿಷ್ ಕಾಗದ ಮಾವನ ಟ್ರಂಕಿನಲ್ಲಿದೆ. ಅದನ್ನು ನಾನು ಓದಿದೆ.

ಈಗ ಸತ್ಯ ಬರೆದುಕೊಟ್ಟರೆ ತೆಗೆದುಕೊಳ್ಳುವವರು ಯಾರಾದರೂ ಉಂಟೇ ಎಂದು ಮಾವ ನಿನ್ನನ್ನು ಕೇಳಲು ಹೇಳಿದ್ದಾರೆ. “ನನ್ನನ್ನು ಜೈಲಿಗೆ ಹಾಕ್ಲಿ, ಅಡ್ಡಿಯಿಲ್ಲ. ಅವನಲ್ಲ ಅಂತ ಅವನ ಮನೆಯವರಿಗೆ ಗೊತ್ತಾಗ್ಬೇಕು.” ಆ ಕೋರ್ಟು ಮುಚ್ಚಿ ವರ್ಷಗಳಾದವು ಎಂದೆ. “ಮತ್ತೆ ನಿನ್ನ ದೋಸ್ತಿ ಅಲ್ಲಿ ಕೂತು ಓದುವುದೆಂತ?” ಎಂದು ಕೇಳಿದರು.

ಮಾವನನ್ನು ಬೈಯಬೇಕೆನಿಸಿದರೆ ಬೈದು ಬರೆ. ಅವರಿಗೆ ಅದನ್ನೂ ಓದಿ ಹೇಳುತ್ತೇನೆ. ಬರೆಯದೆ ಮಾತ್ರ ಇರಬೇಡ. ಮದ್ರಾಸಿನ ಬಿಸಿಲಲ್ಲಿ ಆರೋಗ್ಯ ನೋಡಿಕೋ. ದೇವರು ನಿನ್ನನ್ನು ಒಳ್ಳೆಯ ವಕೀಲನನ್ನಾಗಿ ಮಾಡಲಿ.

ನಿನ್ನ ಗೆಳೆಯ,
ಜಯಪಾಲ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ನಿನ್ನೆ ಉಮ್ಮ ನಿನಗೆ ಕಾಗದ ಬರೆಸಲು ಕರೆದಿದ್ದರು. ತಡೆಯಲಾಗದೆ ಎಲ್ಲವನ್ನೂ ಹೇಳಿದೆ. ಅವರು ಅಳಲಿಲ್ಲ. “ನಂಗೆ ಗೊತ್ತುಂಟು ಮಗಾ. ಶೀನಪ್ಪ ಒಮ್ಮೆ ಬೆಳಿಗ್ಗೆ ಸತ್ತ ಅಂದ, ಇನ್ನೊಮ್ಮೆ ಸಂಜೆ ಅಂದ. ನೋಡಿದವ ಹಾಗೆ ಹೇಳ್ತಾನಾ? ಆಫೀಸರು ಫೋಟೋ ಇಡುವಾಗ ನಾನು ಬಾಗಿಲ ಹಿಂದೆಯೇ ಇದ್ದೆ. ನಾನು ಬಾಯಿ ಬಿಟ್ಟಿದ್ರೆ ನನ್ನ ಮಗ ನೀರು ಬಿಡುವವರಿಲ್ಲದೆ ಸತ್ತ ಅಂತ ಆಗ್ತಿತ್ತು. ಬಾಯಿ ಬಿಡ್ಲಿಲ್ಲ” ಎಂದರು. ಆಮೇಲೆ, “ಆ ಫೋಟೋದವನಿಗೂ ಉಮ್ಮ ಇದ್ದಿರ್ಬೇಕು” ಎಂದರು. ಇದನ್ನು ನಿನಗೆ ಎಂದಿಗೂ ತಿಳಿಸುವುದಿಲ್ಲವೆಂದು ಮಾತು ಕೊಡು ಎಂದರು. ಕೊಟ್ಟೆ.