ನಿನ್ನ ಕೆನ್ನೆಯ ಬಣ್ಣ

ಬೆಳ್ಳಾರೆ, 1962

ತೀರ್ಥರಾಮ,

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಪತ್ರ ಬರೆದು ಅಭ್ಯಾಸವಿಲ್ಲ. ನೀನು ತೀರಿಕೊಂಡು ವರ್ಷವಾಯಿತು. ಇದನ್ನು ಯಾವ ಅಂಚೆಗೂ ಹಾಕುವಂತಿಲ್ಲ. ಆದರೂ ಇವತ್ತಿನ ಸಂಗತಿಯನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ನಿನ್ನ ಫೋಟೋ ಒಂದೂ ಇಲ್ಲ, ಚಿತ್ರ ಬರೆದುಕೊಡು ಎಂದು ನಿನ್ನ ಅಮ್ಮ ಹೇಳಿಕಳಿಸಿದ್ದರು. ನೆನಪಿನಿಂದಲೇ ಬರೆದೆ. ಮೊದಲು ನೀರುಬಣ್ಣ. ಕಾಗದದ ಹಿಂಬದಿಗೆ ಬೆಚ್ಚಗಿನ ಇಸ್ತ್ರಿಪೆಟ್ಟಿಗೆ ಹಿಡಿದು ಪೂರ್ತಿ ಒಣಗಿಸಿ, ಮೇಲೆ ಪ್ಯಾಸ್ಟೆಲ್ ಎಂಬ ಮೆತ್ತಗಿನ ಪುಡಿಬಣ್ಣದ ಕಡ್ಡಿ ಉಜ್ಜಿದೆ. "ನೀರುಬಣ್ಣದ ಮೇಲೆ ಪುಡಿ ನಿಲ್ಲುದಿಲ್ಲ, ಮುಟ್ಟಿದ್ರೆ ಹೋಯ್ತು" ಎಂದು ಹಿಂದೊಮ್ಮೆ ನನ್ನ ಚಿತ್ರ ನೋಡಿ ನೀನು ನಕ್ಕದ್ದಕ್ಕೇ ಅಲ್ಲವೇ ನಾನು ನಿಮ್ಮ ಮನೆಗೆ ಬರುವುದನ್ನು ಬಿಟ್ಟದ್ದು? ಪುಡಿ ಹೋದರೂ ಮುಖ ಹೋಗದ ಹಾಗೆ ಅಡಿಯ ಬಣ್ಣ ಹಾಕಲು ಈಗ ನನಗೆ ಬರುತ್ತದೆ.

ಇವತ್ತು ಒಯ್ದು ಕೊಟ್ಟಾಗ ನಿನ್ನ ಅಮ್ಮ ಚಿತ್ರ ನೋಡಿ, "ಮೂಗು ಅವನದ್ದೇ. ಇಷ್ಟು ಗಂಭೀರ ಅವ ಯಾವಾಗ ಇದ್ದ ಮಾರಾಯಾ?" ಎಂದರು. ನಾನು ತಡೆಯುವ ಮೊದಲೇ ಕೆನ್ನೆ ಸವರಿದರು. ಪುಡಿಯೆಲ್ಲ ಬೆರಳಿಗೆ ಬಂತು. ಅಡಿಯ ನೀರುಬಣ್ಣದಲ್ಲಿ ನಿನ್ನ ಕೆನ್ನೆ ಉಳಿದಿತ್ತು, ಸ್ವಲ್ಪ ಬಿಳಿಚಿಕೊಂಡು.

"ಗಾಜು ಹಾಕಿಸ್ತೇನೆ ಅಮ್ಮಾ."

"ಗಾಜು ಎಂತಕ್ಕೆ? ನನ್ನ ಮಗನನ್ನು ನಾನು ಮುಟ್ಟುದು ಬೇಡ್ವಾ? ಬಣ್ಣ ಹೋದ್ರೆ ನೀನು ಬಂದು ಹಾಕು. ಅವ ಕಾಯಿಲೆ ಬಿದ್ದು ಮಲಗಿದ್ದಾಗಂತೂ ನೀನು ಬರಲಿಲ್ಲ."

ಕೆನ್ನೆ ಸರಿ ಮಾಡಿದೆ. ಕಡ್ಡಿಗಳ ಪೆಟ್ಟಿಗೆಯನ್ನು ನಿಮ್ಮ ಮನೆಯಲ್ಲೇ ಬಿಟ್ಟು ಬಂದಿದ್ದೇನೆ.