ಹತ್ತಿ ಹೊಲದ ಹಕ್ಕರಕಿ

೪-೧೧-೭೬, ಗುರುವಾರ

ಬೆಳಿಗ್ಗೆ ದವಾಖಾನೆಯಲ್ಲಿ ಸಿರಿಂಜು ಕುದಿಯಲಿಟ್ಟು ಕೂತಿದ್ದೆ. ಈ ಊರಿಗೆ ನಾನೊಬ್ಬಳೇ ನರ್ಸ್ ಬಾಯಿ. ಮತ್ತೆ ಶೆಟ್ಟೆವ್ವ ಬಂದಳು, ಮಗಳು ಬೀರವ್ವನನ್ನು ಕರೆದುಕೊಂಡು. ಏಳು ತಿಂಗಳ ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ವಾಂತಿ, ತಲೆಸುತ್ತು, ಕೈ ನಡುಕ. ಈ ವಾರ ಎಲ್ಲರದೂ ಇದೇ ಹಾಡು — ನಿಜಗುಣಪ್ಪನವರ ಹತ್ತಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರದು. ಅಲ್ಲಿ ಹುಳಕ್ಕೆ ಎಣ್ಣೆ, ಅಂದರೆ ವಿಷದ ಔಷಧಿ, ಹೊಡೆದಿದ್ದಾರೆ. ಆದರೆ ಹೊಡೆದ ಗಂಡಸರು ಗುಂಡುಕಲ್ಲಿನ ಹಾಗಿದ್ದಾರೆ! ಬೀರವ್ವ ಹೊಲದ ಕಡೆ ಹೋಗುವುದೇ ಇಲ್ಲ, ಅವಳಿಗೇಕೆ? ನೀರು ಕುದಿಸಿ ಕುಡಿಯಲು ಹೇಳಿದೆ. ನನಗೇ ನಂಬಿಕೆ ಇಲ್ಲ. ಹೊಟ್ಟೆಯಲ್ಲಿ ಕೂಸು ಬೇರೆ... ಹೆದರಿಕೆಯಾಗುತ್ತದೆ.

೬-೧೧-೭೬, ಶನಿವಾರ ಸಂಜೆ

ಹೊಲಕ್ಕೇ ಹೋದೆ. ಮಧ್ಯಾಹ್ನ ಬುತ್ತಿ ಬಿಚ್ಚಿದರು. ಹತ್ತಿ ಸಾಲಿನ ನಡುವೆ ಬೆಳೆದ ಹಕ್ಕರಕಿ ಸೊಪ್ಪು ಕಿತ್ತು, ಸೆರಗಿಗೆ ಒರೆಸಿ, ರೊಟ್ಟಿಯ ಜೊತೆ ಹಸಿಯಾಗಿಯೇ ತಿಂದರು. ನನಗೂ ಕೊಟ್ಟರು. ತಿಂದೆ — ಬಾಯಿಚಪಲ.

"ಬೀರವ್ವಗೂ ಒಯ್ಯತೇನ್ರಿ. ಬಯಕಿ ಆಗೇತಿ ಆಕಿಗೆ," ಎಂದಳು ಶೆಟ್ಟೆವ್ವ, ಉಡಿ ತುಂಬಿಕೊಳ್ಳುತ್ತ.

ಆಗ ಹೊಳೆಯಿತು — ಹತ್ತಿಗೆ ಹೊಡೆದ ಎಣ್ಣೆ ಈ ಸೊಪ್ಪಿನ ಮೇಲೂ ಬಿದ್ದಿದೆ! ಉಡಿ ಬಿಚ್ಚಿಸಿ ಚೆಲ್ಲಿಸಿದೆ. ಗಂಡಸರು ಎಣ್ಣೆ ಹೊಡೆದು, ಮೈ ತೊಳೆದು, ಮನೆಯಲ್ಲಿ ಉಣ್ಣುತ್ತಾರೆ. ಈಗ ನನ್ನ ತಲೆಯೂ ಗಿರ್ರನೆ ತಿರುಗುತ್ತಿದೆ. ನಿಜ ಹೇಳಲಾ? ಖುಷಿ. ಕಾರಣ ಸಿಕ್ಕಿತಲ್ಲ!

೧೨-೧೧-೭೬, ಶುಕ್ರವಾರ

ಹುಳದ ಔಷಧಿಗೆ ಹೊಸ ನಿಯಮ ಮಾಡುವ ಮುಂಚೆ ಜನರ ಮಾತು ಕೇಳಲೆಂದು ಕೃಷಿ ಇಲಾಖೆಯ ಸಾಹೇಬರು ಚಾವಡಿಗೆ ಬಂದಿದ್ದರು. ಮನೆಗೊಬ್ಬರು ಬರಬೇಕು ಎಂದು ತಳವಾರ ಪರಪ್ಪ ನಿನ್ನೆ ಸಾರಿದ್ದ. ಮನೆಗೊಬ್ಬರು ಅಂದರೆ ಇಲ್ಲಿ ಗಂಡಸರೇ. ಹೆಂಗಸರು ಹೊರಗೆ, ಗೋಡೆಯ ನೆರಳಲ್ಲಿ. ನಾನೂ ಅಲ್ಲೇ.

ಒಳಗೆ ನಿಜಗುಣಪ್ಪನವರ ದನಿ — "ನಮ್ಮೂರಾಗ ಯಾರಿಗೂ ಏನೂ ಆಗಿಲ್ರಿ ಸಾಹೇಬ್ರ." ಬರೆಯುವುದು ಮುಗಿಯಿತೆಂಬಂತೆ ಸಾಹೇಬರು ಪೆನ್ನಿನ ಟೋಪಿ ಹಾಕಿದ್ದು ಬಾಗಿಲಿಂದ ಕಂಡಿತು. ನನಗೆ ಮೈಯೆಲ್ಲ ಉರಿಯಿತು.

ಶೆಟ್ಟೆವ್ವ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು.

"ಎಲ್ಲಿಗೆ ಬೇ?" ಪರಪ್ಪ ಅಡ್ಡ ಬಂದ.

"ಮನಿಗೊಬ್ಬರು ಅಂದೀಯಲ್ಲೋ. ಗಂಡ ಸತ್ತ ಮ್ಯಾಲ ನಮ್ಮನಿಗೆ ನಾನ ಯಜಮಾನಿ. ನಾ ಬಂದೇನಿ."

ಅವನು ಸರಿದು ನಿಂತ. ಅಯ್ಯೋ, ನನ್ನ ಮನೆಗೂ ನಾನೊಬ್ಬಳೇ! ಇಷ್ಟು ಹೊತ್ತು ಹೊಳೆದೇ ಇರಲಿಲ್ಲ ನೋಡು. ಅವಳ ಬೆನ್ನಿಗೇ ನುಗ್ಗಿದೆ.

"ಎಣ್ಣಿ ಹೊಡದ ಮ್ಯಾಲ ಹಕ್ಕರಕಿ ಎಷ್ಟು ದಿನಕ್ಕ ತಿನ್ನಬೇಕ್ರಿ ಸಾಹೇಬ್ರ?" ಶೆಟ್ಟೆವ್ವ ಕೇಳಿದಳು.

"ಪರೀಕ್ಷೆ ಹತ್ತಿಯ ಮೇಲೆ ಆಗಿದೆಯಮ್ಮ. ಹಕ್ಕರಕಿ... ಅದನ್ನ ಯಾರೂ ನೋಡಿಲ್ಲ."

"ಹಂಗಾರ ನೋಡೂತನಾ ಹೊಡೀಬ್ಯಾಡ್ರಿ."

"ಅಲ್ಲೀತನಾ ಹುಳ ಸುಮ್ಮನ ಕುಂದರತಾವೇನು?" ಎಂದು ನಿಜಗುಣಪ್ಪನವರು ರೇಗಿದರು. ನಾನು ಬೀರವ್ವನ ವಾಂತಿ, ನನ್ನ ತಲೆಸುತ್ತು, ಎಲ್ಲ ಹೇಳಿಬಿಟ್ಟೆ. ಸಾಹೇಬರು ಮತ್ತೆ ಪೆನ್ನು ತೆಗೆದರು. ಪರೀಕ್ಷೆಗೆಂದು ಒಂದು ಕಟ್ಟು ಹಕ್ಕರಕಿ ಒಯ್ದರು. ಉತ್ತರ ಬರುವವರೆಗೆ ಆ ಹೊಲಕ್ಕೆ ಎಣ್ಣೆ ಇಲ್ಲ.

೩-೧೨-೭೬, ಶುಕ್ರವಾರ

ಬೀರವ್ವ ಚೇತರಿಸಿಕೊಂಡಿದ್ದಾಳೆ. ಕೂಸಿನ ಎದೆಬಡಿತ ಗಟ್ಟಿಯಾಗಿ ಕೇಳಿತು. ಅವಳಿಗಿಂತ ನನಗೇ ಹೆಚ್ಚು ಸಮಾಧಾನ.

ಹೊರಗೇನೋ ಗದ್ದಲ. ಸಾಹೇಬರು ಮತ್ತೆ ಬಂದಿದ್ದಾರಂತೆ. ಉತ್ತರ ತಂದಿದ್ದಾರೋ ಇಲ್ಲವೋ... ಶೆಟ್ಟೆವ್ವ ಬಾಗಿಲಲ್ಲಿ — "ಲಗೂ ಬರ್ರಿ ಬಾಯಾರ! ಈ ಸಲ ಮನಿಗೆ ಇಬ್ಬಿಬ್ಬರು ಅಂತ ಸಾರ್ಯಾರ."

ಕಿಟಕಿಯಿಂದ ನೋಡಿದೆ. ಓಣಿ ತುಂಬ ಹೆಂಗಸರು. ಎಲ್ಲರಿಗಿಂತ ಮುಂದೆ ನಿಜಗುಣಪ್ಪನವರ ಹೆಂಡತಿ ತಾಯವ್ವ. ನನ್ನನ್ನು ಕಂಡು ಅಲ್ಲಿಂದಲೇ ಕೂಗಿದಳು, "ಹಕ್ಕರಕಿ ನಮ್ಮನ್ಯಾಗೂ ತಿಂತೇವ್ರಿ!"

ಬರೆಯುತ್ತ ಕೂರಲು ಆಗದು, ಚಪ್ಪಲಿ ಎಲ್ಲಿ —