ತೀರಿಹೋದ ಮೇಲೆ ನೀವು ಹಾಕಿದ ಸಹಿ

ನನ್ನ ಗಣಿತದ ಮೇಷ್ಟ್ರಿಗೆ,

ನೀವು ಹೋದ ಹನ್ನೊಂದನೆಯ ದಿನ, ಗಂಡಸಿಯ ನಿಮ್ಮ ಮನೆಯಂಗಳದಲ್ಲಿ ನಾವೆಲ್ಲ ಊಟಕ್ಕೆ ಕೂತಿದ್ದೆವು. ನನ್ನ ಎಲೆಗೆ ಪಾಯಸ ಬೀಳುವ ಹೊತ್ತಿಗೆ ಅರಸೀಕೆರೆಯಲ್ಲಿ ನೀವು ಸಹಿ ಹಾಕಿದ್ದೀರಿ! ನಮ್ಮ ತೆಂಗು ಬೆಳೆಗಾರರ ಕಂಪನಿಯ ಗೋಡೌನ್ ಜಾಗವನ್ನು ಎಣ್ಣೆ ಮಿಲ್ಲಿನವನಿಗೆ ಕೊಡಲು ಅಧ್ಯಕ್ಷರಾದ ನಿಮ್ಮ ಒಪ್ಪಿಗೆಯಿದೆ ಅಂತ. ಮೂರು ಸಭೆಗಳಲ್ಲಿ ‘ಆಗಲ್ಲ ಕಣ್ರೀ’ ಎಂದವರು ಸತ್ತ ಮೇಲೆ ಒಪ್ಪಿಬಿಟ್ಟಿರಾ? ಥೂ!

ಬೇಲೂರಿನ ಬಸ್ಸಿನಲ್ಲಿ ನೀವು ಮಾಡಿದ ಪಾಠ ನೆನಪಾಯಿತು. ‘ಏನ್ಲಾ ಶಂಕ್ರ, 8633 ಯಾವೆರಡು ಗುಣಿಸಿದ್ರೆ ಬತ್ತದೆ ಹೇಳು.’ ಜಾವಗಲ್ಲಿನಲ್ಲಿ ಶುರು ಮಾಡಿದವನು ಹಳೇಬೀಡು ಬಂದರೂ ಬೆವರುತ್ತಿದ್ದೆ. ಕೊನೆಗೆ ನೀವೇ ಹೇಳಿದಿರಿ, ‘ಎಂಬತ್ತೊಂಬತ್ತು, ತೊಂಬತ್ತೇಳು. ಗುಣಿಸಾದು ಸಲೀಸು, ಒಡೆಯಾದು ಗೋಳು. ಡಿಜಿಟಲ್ ಸಹಿ ನಿಂತಿರಾದು ಇದರ ಮೇಲೇ. ದೊಡ್ಡ ಸಂಖ್ಯೆ ಊರಿಗೆಲ್ಲ ಗೊತ್ತು, ಒಳಗಿನ ಎರಡು ಯಜಮಾನನಿಗೆ ಮಾತ್ರ.’

ಹಾಗಾದರೆ ಕಳ್ಳರಿಗೆ ದಾರಿಯೇ ಇಲ್ಲವೇ ಎಂದು ಕೇಳಿದ್ದೆ. ಇದೆ ಎಂದಿರಿ. ಸಂಖ್ಯೆ ಚಿಕ್ಕದಾದರೆ ಒಡೆಯುತ್ತಾರೆ. ಇಬ್ಬರ ಕೀಲಿಗಳಲ್ಲಿ, ಅಂದರೆ ಆ ದೊಡ್ಡ ಸಂಖ್ಯೆಗಳಲ್ಲಿ, ಒಂದೇ ಅವಿಭಾಜ್ಯ ಸಂಖ್ಯೆಯಿದ್ದರೆ ಹೋಲಿಸಿ ಹಿಡಿಯುತ್ತಾರೆ. ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ಸಮಯ ಅಳೆದು ಗುಟ್ಟು ಊಹಿಸುತ್ತಾರೆ. ನಡುವೆ ಕೂತು ತಮ್ಮ ಕೀಲಿಯನ್ನೇ ನಿಮ್ಮದೆಂದು ಹಂಚುತ್ತಾರೆ. ಆ ಕಳ್ಳರ ಮೇಲೆ ನನಗೆ ಗೌರವವೇ ಹುಟ್ಟಿತ್ತು. ಎಷ್ಟು ಓದಿರಬೇಕು!

ನಮ್ಮ ಸೆಕ್ರೆಟರಿ ಲೋಕೇಶನಿಗೆ ಇದಾವುದೂ ಬೇಕಾಗಲಿಲ್ಲ. ಆಫೀಸಿನ ಡ್ರಾಯರ್ ಎಳೆದ. ಪೆನ್‌ಡ್ರೈವಿನಂಥ ನಿಮ್ಮ ಸಹಿಯ ಟೋಕನ್ ಅಲ್ಲೇ ಇತ್ತು, ಪಿನ್ ಅದರ ಬೆನ್ನಿಗಂಟಿಸಿದ ಚೀಟಿಯ ಮೇಲೆ. ಕೇಳಿದರೆ ಹಲ್ಲು ಕಿರಿದ. ‘ಮೇಷ್ಟ್ರು ಮನಸ್ನಲ್ಲಿ ಒಪ್ಕಂಡಿದ್ರು ಶಂಕ್ರಣ್ಣ. ನಾನು ಬರೀ ಗುಂಡಿ ಒತ್ತಿದ್ದು.’ ಅದೇ ಬಾಯಲ್ಲಿ ನಿಮ್ಮ ಮನೆಯ ಪಾಯಸ ಚೆನ್ನಾಗಿತ್ತಾ ಅಂತಲೂ ಕೇಳಿದ. ಅಸಹ್ಯ.

ಆ ಚೀಟಿ ಅಂಟಿಸಿದ್ದು ಯಾರು? ನಾನೇ. ‘ಪ್ರತಿ ಸಲ ಗಂಡಸಿಯಿಂದ ಯಾಕೆ ಬತ್ತೀರಿ ಮೇಷ್ಟ್ರೇ, ಇಲ್ಲೇ ಇರ್ಲಿ ಬಿಡಿ’ ಎಂದು ಟೋಕನ್ ಇಸಕೊಂಡವನೂ ನಾನೇ. ಕೊಡುವಾಗ ಒಂದು ಗಳಿಗೆ ನನ್ನ ಮುಖ ನೋಡಿದಿರಿ. ಆಗಲೇ ಬೈದಿದ್ದರೆ... ಲೋಕೇಶನನ್ನು ಕಂಡರೆ ಹೇಸಿಗೆ. ಚೀಟಿಯ ಮೇಲಿನ ನನ್ನ ಅಕ್ಷರ ಕಂಡರೆ ಇನ್ನೂ ಹೇಸಿಗೆ.

ನಿನ್ನೆ ದೂರು ಕೊಟ್ಟೆ. ಪಿನ್ ಬರೆದ ಕೈ ನನ್ನದೆಂದೂ ಅದರಲ್ಲಿ ಬರೆದೆ. ಕಂಪನಿಯಲ್ಲಿ ನನ್ನ ಡೈರೆಕ್ಟರ್‌ಗಿರಿ ಹೋಗಬಹುದು, ಹೋಗಲಿ. ಜಾಗದ ಕಾಗದವನ್ನು ವಿಚಾರಣೆ ಮುಗಿಯುವವರೆಗೆ ತಡೆದಿದ್ದಾರೆ. ಆಮೇಲೆ ನಿಮ್ಮ ಸಹಿ ರದ್ದು ಮಾಡಿಸಲು ಕೂತೆ. ಅರ್ಜಿಯಲ್ಲಿ ಕಾರಣ ಕೇಳಿತ್ತು. ‘ಮರಣ’ ಎಂದು ಬರೆದೆ. ಇನ್ನು ನಿಮ್ಮ ಬಾಯಿಂದ ಯಾರೂ ಹೂಂ ಅನ್ನಿಸಲಾರರು, ಮೇಷ್ಟ್ರೇ.